ಈಜು ಬಾರದವರಿಗೆ ಯಾವ ದ್ವೀಪ? ದಾವಣಗೆರೆಯಿಂದ ಹೊರಡುವವರಿಗೊಂದು ಹೋಲಿಕೆ

ಮಂಡಕ್ಕಿ ಮಿರ್ಚಿ ತಿನ್ನುತ್ತಾ ಶುರುವಾದ ಮಾತು ಇದು. ನಮ್ಮ ಓಣಿಯ ಮೂರು ಮನೆಯವರು, ಒಟ್ಟು ಹನ್ನೊಂದು ಜನ, ಈ ಸಲ ರಜೆಗೆ ದ್ವೀಪ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಬರೀ ಬೀಚ್ ಸಾಲದು. ಹವಳ, ಆಮೆ, ಬಣ್ಣಬಣ್ಣದ ಮೀನು ಇರುವ, ಸರ್ಕಾರ ಕಾಪಾಡಿಟ್ಟಿರುವ ರಾಷ್ಟ್ರೀಯ ಉದ್ಯಾನವೇ ಬೇಕಂತೆ. ಈ ಹನ್ನೊಂದು ಜನರಲ್ಲಿ ಈಜು ಬರುವುದು ಒಬ್ಬನಿಗೆ, ನನ್ನ ಮೈದುನನಿಗೆ. ಅವನೂ ಕಲಿತದ್ದು ಭದ್ರಾ ನಾಲೆಯಲ್ಲಿ. ಉಳಿದವರಿಗೆ ನೀರು ಅಂದರೆ ಕುಂದುವಾಡ ಕೆರೆ ಏರಿಯ ಮೇಲಿನ ವಾಕಿಂಗ್, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವವಳು. ಇಂಥ ಮೂರು ಕಡೆ ಹೋಗಿ ಬಂದಿದ್ದೇನೆ, ನಾಲ್ಕನೆಯದಕ್ಕೆ ಮೈದುನ ಹೋಗಿ ಬಂದಿದ್ದಾನೆ. ಹಾಗಾಗಿ "ಅಕ್ಕಾ, ನೀವೇ ಹೇಳಿ" ಅಂತ ಜವಾಬ್ದಾರಿ ನನ್ನ ತಲೆಗೆ ಬಂತು. ಫೋಟೊ ನೋಡಿ ಜಾಗ ಆರಿಸಿದರೆ ನಮ್ಮಂಥ ಬಯಲುಸೀಮೆಯವರು ಮೋಸ ಹೋಗುತ್ತೇವೆ. ಫೋಟೊದಲ್ಲಿ ಕಾಣುವ ಹವಳದ ಲೋಕ ಇರುವುದು ನೀರಿನ ಅಡಿಯಲ್ಲಿ. ನಾವು ನಿಲ್ಲುವುದು ದಡದಲ್ಲಿ. ಆದ್ದರಿಂದ ನಾನು ಎಲ್ಲ ಜಾಗಕ್ಕೂ ಮೊದಲು ಹಾಕುವ ಪ್ರಶ್ನೆ ಒಂದೇ: ಈಜು ಬಾರದವರ ಕಣ್ಣಿಗೆ ಇಲ್ಲಿ ಏನು ಬೀಳುತ್ತದೆ?

ಅಂಡಮಾನಿನ ವಂಡೂರು, ತಮಿಳುನಾಡಿನ ಮನ್ನಾರ್ ಕೊಲ್ಲಿ, ಗುಜರಾತಿನ ಕಚ್ ಕೊಲ್ಲಿ, ಇವು ಮೂರು ಕಡಲಿನ ರಾಷ್ಟ್ರೀಯ ಉದ್ಯಾನಗಳು. ನಾಲ್ಕನೆಯದು ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ. ಅದು ರಾಷ್ಟ್ರೀಯ ಉದ್ಯಾನ ಅಲ್ಲ. ಆದರೂ ಹತ್ತಿರ ಇರುವುದರಿಂದ ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ.

ವಂಡೂರು: ಚೆಂದಕ್ಕೆ ಇದೇ, ಖರ್ಚಿಗೂ ಇದೇ

ಪೋರ್ಟ್ ಬ್ಲೇರ್‌ನಿಂದ ಸುಮಾರು 29 ಕಿ.ಮೀ. ದೂರದಲ್ಲಿ ವಂಡೂರು ಇದೆ. 2024ರಲ್ಲಿ ಪೋರ್ಟ್ ಬ್ಲೇರ್‌ಗೆ ಶ್ರೀ ವಿಜಯಪುರಂ ಅಂತ ಹೆಸರು ಬದಲಾಗಿದೆ, ಟಿಕೆಟ್ ಬುಕ್ ಮಾಡುವಾಗ ಗಾಬರಿಯಾಗಬೇಡಿ, ಎರಡೂ ಒಂದೇ ಊರು. ಇಲ್ಲಿನ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನ ಶುರುವಾದದ್ದು 1983ರಲ್ಲಿ. 281.5 ಚದರ ಕಿ.ಮೀ. ವಿಸ್ತಾರದಲ್ಲಿ 15 ದ್ವೀಪಗಳಿವೆ. ನಮ್ಮಂಥ ಪ್ರವಾಸಿಗರು ಇಳಿಯುವುದು ಎರಡರಲ್ಲಿ, ಜಾಲಿ ಬಾಯ್ ಮತ್ತು ರೆಡ್ ಸ್ಕಿನ್. ಅದೂ ಒಟ್ಟಿಗೆ ಎರಡೂ ತೆರೆಯುವುದಿಲ್ಲ. ನವೆಂಬರಿನಿಂದ ಮೇ ನಡುವಿನವರೆಗೆ ಹೆಚ್ಚುಕಡಿಮೆ ಜಾಲಿ ಬಾಯ್, ಉಳಿದ ತಿಂಗಳು ರೆಡ್ ಸ್ಕಿನ್. ಹೊಲವನ್ನು ಒಂದು ಬೆಳೆಗೆ ಬೀಳು ಬಿಟ್ಟ ಹಾಗೆ. ಜನರ ಕಾಲ್ತುಳಿತ ಇಲ್ಲದ ತಿಂಗಳುಗಳಲ್ಲಿ ಹವಳಕ್ಕೆ ಉಸಿರಾಡಲು ಪುರುಸೊತ್ತು ಸಿಗುತ್ತದೆ.

ಈಜು ಬಾರದವರಿಗೆ ಇಲ್ಲಿರುವುದು ಗಾಜಿನ ತಳದ ದೋಣಿ. ನಮ್ಮೂರಲ್ಲಿ ಗಾಜಿನ ಮನೆ ಇದೆ, ಇಲ್ಲಿ ಗಾಜಿನ ನೆಲ. ದೋಣಿಯ ನಡುವೆ ಒಂದು ಬಾಗಿಲಿನಷ್ಟು ಗಾಜು, ಸುತ್ತ ಕೂತು ಎಲ್ಲರೂ ಬಗ್ಗಿ ನೋಡುವುದು. ಮೊದಲು ಐದು ನಿಮಿಷ ಬರೀ ಮರಳು ಕಾಣಿಸಿತು. ಅತ್ತೆಯ ಮುಖ ಸಪ್ಪಗಾಯಿತು. ಆಮೇಲೆ ದೋಣಿಯವನು ಎಂಜಿನ್ ನಿಲ್ಲಿಸಿ, ಹುಟ್ಟು ಹಾಕುತ್ತಾ ನಿಧಾನಕ್ಕೆ ಸರಿಸಿದ. ಗಾಜಿನ ಕೆಳಗೆ ಮಿದುಳಿನ ಹಾಗೆ ಸುರುಳಿ ಸುರುಳಿಯಾದ ದೊಡ್ಡ ಗುಂಡು ಬಂತು. "ಏ, ಇದು ಹೂಕೋಸು ಇದ್ದಂಗ ಐತಲ್ಲ!" ಅಂದರು ಅತ್ತೆ. ಅದರ ಪಕ್ಕದಲ್ಲೇ ಒಂದು ದೈತ್ಯ ಚಿಪ್ಪು ಬಾಯಿ ತೆರೆದುಕೊಂಡು ಕೂತಿತ್ತು. ಅದರ ತುಟಿ ನವಿಲುಗರಿಯ ನೀಲಿ. ನಮ್ಮ ದೋಣಿಯ ನೆರಳು ಬಿದ್ದ ತಕ್ಷಣ ತುಟಿ ಒಳಗೆ ಎಳೆದುಕೊಂಡಿತು. ಅಲ್ಲಿವರೆಗೆ ಅದು ಕಲ್ಲು ಅಂದುಕೊಂಡಿದ್ದ ನನ್ನ ಮಗಳು "ಅಮ್ಮಾ, ಅದು ನಮ್ಮನ್ನ ನೋಡ್ತು" ಅಂತ ಕೂಗಿದಳು. ಬೆಳಕು ಕತ್ತಲೆ ತಿಳಿಯುವ ಸಣ್ಣ ಸಣ್ಣ ಕಣ್ಣುಗಳು ಆ ತುಟಿಯ ಅಂಚಿಗೆ ಇರುತ್ತವೆ. ಅವಳು ಹೇಳಿದ್ದು ಸುಳ್ಳೇನೂ ಅಲ್ಲ.

ಗಿಳಿಮೀನು ಹವಳದ ಬಂಡೆಯನ್ನು ಕಚ್ಚಿ ಕೆರೆದು ತಿನ್ನುವುದನ್ನೂ ನೋಡಿದೆವು. ಅದು ನುಂಗಿದ ಸುಣ್ಣದ ಪುಡಿ ಹಿಂದಿನಿಂದ ಮರಳಾಗಿ ಬೀಳುತ್ತದೆ. ಜಾಲಿ ಬಾಯ್‌ನಂಥ ದ್ವೀಪಗಳ ಬಿಳಿ ಮರಳಿನಲ್ಲಿ ಈ ಮೀನುಗಳ ಪಾಲೂ ಇದೆ. ಮಕ್ಕಳಿಗೆ ಇದನ್ನು ಹೇಳಿದ ಮೇಲೆ ಅರ್ಧ ಗಂಟೆ ನಗು ನಿಲ್ಲಲಿಲ್ಲ.

ಈಗ ತೊಂದರೆಗಳ ಮಾತು. ಈ ಉದ್ಯಾನಕ್ಕೆ ಸೋಮವಾರ ರಜೆ. ನಮ್ಮೂರಿನ ಒಬ್ಬ ಟೂರ್ ಏಜೆಂಟ್ ನಮಗೆ ಜಾಲಿ ಬಾಯ್ ಹಾಕಿಕೊಟ್ಟಿದ್ದು ಸರಿಯಾಗಿ ಸೋಮವಾರಕ್ಕೇ. ಅಲ್ಲಿ ಹೋದ ಮೇಲೆ ಹೋಟೆಲ್ ಹುಡುಗ ಹೇಳಿ ನಮಗೆ ಗೊತ್ತಾಯಿತು. ಬೇರೆ ಒಂದು ದ್ವೀಪ ಕೈಬಿಟ್ಟು ದಿನ ಹೊಂದಿಸಿಕೊಂಡೆವು. ಏಜೆಂಟ್‌ಗೆ ಫೋನ್ ಮಾಡಿದರೆ "ಮೇಡಂ, ಅಡ್ಜಸ್ಟ್ ಮಾಡ್ಕೊಳಿ" ಅಂದ. ನೀವು ಮಾತ್ರ ಕ್ಯಾಲೆಂಡರ್ ನೋಡಿಯೇ ದುಡ್ಡು ಕೊಡಿ. ಪ್ರವೇಶದ ಪರ್ಮಿಟ್ ಬೇರೆ, ದೋಣಿಯ ಟಿಕೆಟ್ ಬೇರೆ. ಎಲ್ಲರ ಆಧಾರ್ ಜೆರಾಕ್ಸ್ ಕೈಯಲ್ಲಿರಲಿ.

ಪ್ಲಾಸ್ಟಿಕ್ ತಪಾಸಣೆ ಮಾತ್ರ ನನಗೆ ತುಂಬಾ ಹಿಡಿಸಿತು. ಜೆಟ್ಟಿಯಲ್ಲಿ ಬ್ಯಾಗ್ ಬಿಚ್ಚಿಸಿ ನೋಡುತ್ತಾರೆ. ಬಿಸಾಡುವ ನೀರಿನ ಬಾಟಲಿ, ಚಿಪ್ಸ್ ಪ್ಯಾಕೆಟ್ ಒಳಗೆ ಬಿಡುವುದಿಲ್ಲ. ಬೇಕಿದ್ದರೆ ಠೇವಣಿ ಇಟ್ಟು ಅವರ ಬಾಟಲಿ ತಗೊಳ್ಳಬೇಕು, ವಾಪಸ್ ತಂದರೆ ಠೇವಣಿ ವಾಪಸ್. ದ್ವೀಪದಲ್ಲಿ ಹೋಟೆಲ್ ಇಲ್ಲ. ನಾವು ಮನೆಯಿಂದ ಒಯ್ದಿದ್ದ ಚಕ್ಕುಲಿ, ಒಗ್ಗರಣೆ ಅವಲಕ್ಕಿ ಸ್ಟೀಲ್ ಡಬ್ಬಿಯಲ್ಲಿದ್ದವು. ಪಕ್ಕದ ದೋಣಿಯ ಮುಂಬೈ ಕಡೆಯವರು ಹಸಿದ ಕಣ್ಣಿನಿಂದ ನೋಡಿದಾಗ ಅವರಿಗೂ ಒಂದೊಂದು ಚಕ್ಕುಲಿ ಹೋಯಿತು.

ಇನ್ನೊಂದು ಸಣ್ಣ ವಿಷಯ. ಅಂಡಮಾನ್ ಬಹಳ ಪೂರ್ವಕ್ಕಿದೆ, ಗಡಿಯಾರ ಮಾತ್ರ ನಮ್ಮದೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಹೊತ್ತು ಮುಳುಗುತ್ತದೆ. ದೋಣಿಗಳು ಬೆಳಿಗ್ಗೆ ಬೇಗ ಹೊರಟು ಮಧ್ಯಾಹ್ನವೇ ತಿರುಗುತ್ತವೆ. ಹತ್ತು ಗಂಟೆಗೆ ತಿಂಡಿ ಮುಗಿಸಿ ಹೊರಡುವ ನಮ್ಮ ಪದ್ಧತಿ ಅಲ್ಲಿ ನಡೆಯುವುದಿಲ್ಲ. ವಂಡೂರಿನ ದಡದಲ್ಲಿ ನೀರಿಗಿಳಿಯಲೂ ಹೋಗಬೇಡಿ. ಹತ್ತಿರದ ಕಾಂಡ್ಲಾ ಕಾಡಿನಲ್ಲಿ, ಅಂದರೆ ಉಪ್ಪುನೀರಲ್ಲೇ ಬೆಳೆಯುವ ಮ್ಯಾಂಗ್ರೋವ್ ಗಿಡಗಳ ಕಾಡಿನಲ್ಲಿ, ಉಪ್ಪುನೀರಿನ ಮೊಸಳೆಗಳಿವೆ, ಬೋರ್ಡ್ ಹಾಕಿದ್ದಾರೆ. ಬೋರ್ಡ್ ಓದಿದ ಮೇಲೂ ಸೆಲ್ಫಿಗೆ ಇಳಿದವರನ್ನು ನೋಡಿದ್ದೇನೆ, ಏನು ಹೇಳುವುದು.

ನರಾರಾ: ಕೆಸರು, ಕಾಲ್ನಡಿಗೆ ಮತ್ತು ಅಷ್ಟಪದಿ

ಇದರ ಬಗ್ಗೆ ನಾನು ಜಾಸ್ತಿ ಬರೆಯುತ್ತೇನೆ. ಯಾಕೆಂದರೆ ನಮ್ಮ ಕಡೆಯವರಿಗೆ ಇದರ ಹೆಸರೇ ಗೊತ್ತಿಲ್ಲ.

ಕಚ್ ಕೊಲ್ಲಿಯ ದಕ್ಷಿಣ ದಡದಲ್ಲಿ, ಜಾಮ್‌ನಗರದ ಬದಿಯಲ್ಲಿ, ದೇಶದ ಮೊದಲ ಕಡಲ ರಾಷ್ಟ್ರೀಯ ಉದ್ಯಾನ ಇದೆ. 1980ರಲ್ಲಿ ಅಭಯಾರಣ್ಯವಾಯಿತು, 1982ರಲ್ಲಿ ಅದರ ಒಂದು ಭಾಗ ರಾಷ್ಟ್ರೀಯ ಉದ್ಯಾನವಾಯಿತು. ಒಟ್ಟು 42 ದ್ವೀಪಗಳು. ಪಿರೋಟನ್ ಅವುಗಳಲ್ಲಿ ಹೆಸರುವಾಸಿ. ಆದರೆ ಅಲ್ಲಿಗೆ ದೋಣಿಯೂ ಬೇಕು, ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಕಡಲಿನ ಏರಿಳಿತದ ಲೆಕ್ಕವೂ ಕೂಡಿಬರಬೇಕು. ಕುಟುಂಬ ಕಟ್ಟಿಕೊಂಡು ಹೋಗುವವರು ವಾಡಿನಾರ್ ಬಳಿಯ ನರಾರಾಕ್ಕೆ ಹೋಗುವುದು ವಾಸಿ. ಅಲ್ಲಿಗೆ ರಸ್ತೆ ಇದೆ. ಕಾರಿನಿಂದ ಇಳಿದು, ಟಿಕೆಟ್ ತೆಗೆದು, ಊರಿನ ಗೈಡ್ ಒಬ್ಬರನ್ನು ಕರೆದುಕೊಂಡು, ನಡೆದುಕೊಂಡೇ ಕಡಲೊಳಗೆ ಹೋಗುವುದು!

ನಡೆಯುವುದು ಹೇಗೆ ಅಂತ ಕೇಳುತ್ತೀರಿ ಅಲ್ವಾ? ಕಚ್ ಕೊಲ್ಲಿ ಬಾಯಿ ಅಗಲವಾಗಿ ಒಳಗೆ ಹೋಗ್ತಾ ಕಿರಿದಾಗುವ ಆಲಿಕೆಯ ಆಕಾರದಲ್ಲಿದೆ. ಭರತದ ಹೊತ್ತಿಗೆ, ಅಂದರೆ ಕಡಲು ಏರುವಾಗ, ನುಗ್ಗಿದ ನೀರು ಒಳಗೆ ಇಕ್ಕಟ್ಟಾಗಿ ಮೇಲೇರುತ್ತದೆ. ಭರತಕ್ಕೂ ಇಳಿತಕ್ಕೂ ಐದಾರು ಮೀಟರ್ ವ್ಯತ್ಯಾಸ ಬರುವ ದಿನಗಳಿವೆ, ಅಂದರೆ ಎರಡಂತಸ್ತಿನ ಮನೆಯಷ್ಟು. ನೀರು ಇಳಿದಾಗ ದಡದಿಂದ ಬಹಳ ದೂರದವರೆಗೆ ಹವಳದ ದಿಬ್ಬದ ಬಯಲು ಬರಿದಾಗುತ್ತದೆ. ಅಲ್ಲಲ್ಲಿ ಮೊಣಕಾಲುದ್ದ ಗುಂಡಿಗಳಲ್ಲಿ ನೀರು ನಿಲ್ಲುತ್ತದೆ. ಆ ಗುಂಡಿಗಳೇ ನಮ್ಮ ಅಕ್ವೇರಿಯಂ.

ಚೆಂದ ಅಂತ ಹೇಳಲಾರೆ. ಮೊದಲ ಅರ್ಧ ಕಿ.ಮೀ. ಗದ್ದೆಗಿಳಿದ ಹಾಗೆ ಕೆಸರು. ನೀರು ಮಾಸಲು. ದೂರದಲ್ಲಿ ಕಚ್ಚಾ ತೈಲದ ಹಡಗುಗಳು ನಿಂತಿರುತ್ತವೆ, ಬೆನ್ನ ಹಿಂದೆ ಕಾರ್ಖಾನೆಯ ಕೊಳವೆಗಳು. ನಮ್ಮ ಮನೆಯವರು "ಇದನ್ನ ನೋಡೋಕೆ ಇಷ್ಟು ದೂರ ಬಂದ್ವಾ?" ಅಂತ ಕೇಳಿದ್ದು ನಿಜ.

ಹತ್ತು ನಿಮಿಷ ಆದ ಮೇಲೆ ಗೈಡ್ ಒಂದು ಗುಂಡಿಯ ಹತ್ತಿರ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಏನೂ ಇಲ್ಲ, ಕಂದು ಬಣ್ಣದ ಒಂದು ಕಲ್ಲು. ನೋಡ್ತಾ ಇದ್ದ ಹಾಗೆ ಕಲ್ಲಿಗೆ ಚುಕ್ಕೆ ಬಂತು. ಚುಕ್ಕೆ ಹೋಗಿ ಪೂರಾ ಬೂದು ಬಣ್ಣವಾಯಿತು. ಆಮೇಲೆ ಕಲ್ಲಿನ ಒಂದು ಮೂಲೆ ಬಿಚ್ಚಿಕೊಂಡು ಉದ್ದವಾಗಿ, ಪಕ್ಕದ ಬಿಲದೊಳಗೆ ಹೋಯಿತು. ಅದರ ಹಿಂದೆ ಉಳಿದ ಕಲ್ಲೂ ನೀರು ಬಸಿದ ಹಾಗೆ ಬಿಲದೊಳಗೆ ಇಳಿಯಿತು. ಅಷ್ಟಪದಿ, ಅಂದರೆ ಆಕ್ಟೋಪಸ್. ಹತ್ತು ವರ್ಷದಿಂದ ಕಪ್ಪುಹಲಗೆಯ ಮೇಲೆ ಅದರ ಚಿತ್ರ ಬರೆದವಳು ನಾನು, ಜೀವಂತವಾಗಿ ನೋಡಿದ್ದು ಅವತ್ತೇ. ಅದಕ್ಕೆ ಎಲುಬಿಲ್ಲ ಅಂತ ಪಾಠ ಮಾಡುವುದು ಬೇರೆ, ಅದು ಬಟ್ಟೆಯ ಹಾಗೆ ಬಿರುಕಿನೊಳಗೆ ಹೋಗುವುದನ್ನು ನೋಡುವುದು ಬೇರೆ.

ಆಮೇಲೆ ಕಡಲಸೌತೆ, ನಕ್ಷತ್ರ ಮೀನು, ಕಡಲ ಹೂವು, ಬಗೆಬಗೆಯ ಏಡಿ ಎಲ್ಲವೂ ಸಿಕ್ಕವು. ಇಲ್ಲಿನ ಹವಳದ ಬಗೆಗಳು ಅಂಡಮಾನಿಗಿಂತ ಬಹಳ ಕಡಿಮೆ. ಕೆಸರು ನೀರು, ಚಳಿಗಾಲದ ತಂಪು, ಬೇಸಿಗೆಯ ಕಾವು, ದಿನಾ ಗಂಟೆಗಟ್ಟಲೆ ಬಿಸಿಲು, ಇದನ್ನೆಲ್ಲ ತಡೆದುಕೊಳ್ಳುವ ಗಟ್ಟಿ ಜಾತಿಗಳು ಮಾತ್ರ ಇಲ್ಲಿ ಬದುಕಿವೆ. ಹೆಚ್ಚಿನವು ಗುಂಡು ಗುಂಡಾಗಿ ನೆಲಕ್ಕೆ ಅಂಟಿಕೊಂಡಂಥವು, ಕೊಂಬೆ ಕೊಂಬೆಯಾಗಿ ಬೆಳೆಯುವ ನಾಜೂಕಿನವು ಅಲ್ಲ. ಬಯಲುಸೀಮೆಯ ಜಾಲಿ ಗಿಡದ ಹಾಗೆ. ಅದಕ್ಕೇ ಇರಬೇಕು, ನನಗೆ ಇವುಗಳ ಮೇಲೆ ಒಂಥರಾ ಪಕ್ಷಪಾತ.

ಒಂದು ಮಾತು ಖಂಡಿತ ಹೇಳಬೇಕು. ಕೆಲವರು ಗೈಡ್‌ಗಳಿಗೆ ದುಂಬಾಲು ಬಿದ್ದು, ಗುಂಡಿಯಲ್ಲಿನ ಬುರುಡೆ ಮೀನನ್ನು ಕೈಗೆತ್ತಿಕೊಡಿಸಿಕೊಂಡು, ಅದು ಬಲೂನಿನ ಹಾಗೆ ಊದುವುದನ್ನು ವಿಡಿಯೊ ಮಾಡುತ್ತಾರೆ. ಅದು ಊದುವುದು ಜೀವಭಯಕ್ಕೆ. ಒಂದೇ ಇಳಿತದಲ್ಲಿ ಹತ್ತು ಗುಂಪು ಬಂದು ಹತ್ತು ಸಲ ಎತ್ತಿದರೆ ಅದರ ಗತಿ ಏನು? ನಮ್ಮ ಗೈಡ್ ಎತ್ತಲಿಲ್ಲ. ಬರೀ ಬೆರಳು ತೋರಿಸಿದರು, ನೀರಲ್ಲೇ ನೋಡಿದೆವು. ಅಂಥ ಗೈಡ್‌ಗೆ ಕೊನೆಯಲ್ಲಿ ನೂರು ರೂಪಾಯಿ ಜಾಸ್ತಿ ಕೊಟ್ಟರೆ ತಪ್ಪಿಲ್ಲ.

ದಿನ ಆರಿಸುವುದಕ್ಕೆ ನಿಮ್ಮ ಅಡುಗೆಮನೆಯ ಪಂಚಾಂಗದ ಕ್ಯಾಲೆಂಡರೇ ಸಾಕು. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅದರ ಮರುದಿನ, ಮೂರನೇ ದಿನ ಕಡಲು ಅತಿ ಹೆಚ್ಚು ಏರಿ ಅತಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಕಡಿಮೆ, ಹೋದರೂ ಅಷ್ಟು ಬಯಲು ಕಾಣುವುದಿಲ್ಲ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹಾಗಾಗಿ ಹಿಂದಿನ ದಿನವೇ ಅರಣ್ಯ ಇಲಾಖೆಯವರಲ್ಲಿ ಗಂಟೆ ಕೇಳಿಕೊಳ್ಳಿ. ಗೈಡ್ "ಇನ್ನು ಸಾಕು, ತಿರುಗಿ" ಅಂದ ಕೂಡಲೇ ತಿರುಗಬೇಕು. ನೀರು ಸದ್ದಿಲ್ಲದೆ ಹಿಂದಿನಿಂದ ಬರುತ್ತದೆ.

ಕಾಲಿಗೆ ಹಳೆಯ ಕ್ಯಾನ್ವಾಸ್ ಶೂ ಹಾಕಿ. ಹವಾಯಿ ಚಪ್ಪಲಿಯನ್ನು ಕೆಸರು ನುಂಗುತ್ತದೆ, ಬರಿಗಾಲನ್ನು ಹವಳ ಕೊಯ್ಯುತ್ತದೆ. ಮಂಡಿನೋವಿನವರಿಗೆ ಈ ನಡಿಗೆ ಆಗುವುದಿಲ್ಲ, ಇದೊಂದು ಕೊರತೆ. ದಾವಣಗೆರೆ ಮೇಲೆಯೇ ಗುಜರಾತಿಗೆ ಹೋಗುವ ರೈಲುಗಳಿವೆ. ಅಹಮದಾಬಾದಿನಲ್ಲಿ ಇಳಿದು ಜಾಮ್‌ನಗರದ ರೈಲು ಹಿಡಿಯಬೇಕು. ಹೋಗಲು ಒಂದೂವರೆ ದಿನ ಹಿಡಿಯುತ್ತದೆ, ಆದರೆ ವಿಮಾನದ ಖರ್ಚಿಲ್ಲ. ದ್ವಾರಕೆ, ಸೋಮನಾಥ ನೋಡಬೇಕು ಅನ್ನುವ ಹಿರಿಯರಿದ್ದರೆ ಅದೂ ಆಯಿತು. ಹತ್ತಿರದ ಖಿಜಡಿಯಾ ಪಕ್ಷಿಧಾಮವನ್ನು ಬಿಡಬೇಡಿ, ಒಂದು ಕಡೆ ಸಿಹಿನೀರು, ಇನ್ನೊಂದು ಕಡೆ ಉಪ್ಪುನೀರು. ಮಂಡಿನೋವಿನವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಸಮಾಧಾನ ಮಾಡಬಹುದು.

ಮನ್ನಾರ್ ಕೊಲ್ಲಿ: ರಾಮೇಶ್ವರದ ಪುಣ್ಯದ ಜೊತೆಗೆ

ರಾಮೇಶ್ವರದಿಂದ ತೂತ್ತುಕುಡಿಯವರೆಗೆ ದಡದ ಉದ್ದಕ್ಕೂ 21 ಸಣ್ಣ ದ್ವೀಪಗಳ ಸರ ಇದೆ. 1986ರಲ್ಲಿ ಇವನ್ನೂ ಸುತ್ತಲಿನ ಕಡಲನ್ನೂ ಸೇರಿಸಿ 560 ಚದರ ಕಿ.ಮೀ. ರಾಷ್ಟ್ರೀಯ ಉದ್ಯಾನ ಮಾಡಿದರು. 1989ರಲ್ಲಿ ಅದರ ಸುತ್ತ 10,500 ಚದರ ಕಿ.ಮೀ. ಜೀವಗೋಳ ಮೀಸಲು ಬಂತು. ಜೀವಿಗಳ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಸುಮಾರು 3,600 ಬಗೆಯ ಗಿಡ, ಪ್ರಾಣಿಗಳು ಪಟ್ಟಿಯಾಗಿವೆ, ಅವುಗಳಲ್ಲಿ ಹವಳವೇ 117 ಬಗೆ. ಕಾಗದದ ಮೇಲೆ ಇದು ಬಲು ಶ್ರೀಮಂತ.

ಕಣ್ಣಿಗೆ ಬೀಳುವುದು ಮಾತ್ರ ಕಡಿಮೆ. ಹೆಚ್ಚಿನ ದ್ವೀಪಗಳಿಗೆ ಕಾಲಿಡಲು ಬಿಡುವುದಿಲ್ಲ. ಪಾಂಬನ್ ಬಳಿಯ ಕುಂತುಕಾಲ್‌ನಿಂದ ಕುರುಸಡೈ ದ್ವೀಪದ ಕಡೆಗೆ ಅರಣ್ಯ ಇಲಾಖೆಯ ದೋಣಿ ವ್ಯವಸ್ಥೆ ಇದೆ. 1897ರಲ್ಲಿ ವಿವೇಕಾನಂದರು ವಿದೇಶದಿಂದ ತಿರುಗಿ ಬಂದಾಗ ಇಳಿದ ದಡವೇ ಈ ಕುಂತುಕಾಲ್, ಅಲ್ಲೊಂದು ಸ್ಮಾರಕವೂ ಇದೆ. ಗಾಳಿ ಜೋರಿದ್ದರೆ ದೋಣಿ ಬಿಡುವುದಿಲ್ಲ. ನಾವು ಹೋದ ದಿನ ಬಿಡಲಿಲ್ಲ. ಸ್ಮಾರಕ ನೋಡಿ, ಕಡಲ ಕಡೆ ನೋಡಿ, ಟೀ ಕುಡಿದು ಮರುದಿನ ಬಂದೆವು.

ಪ್ರಾಣಿಶಾಸ್ತ್ರ ಓದಿದವರಿಗೆ ಕುರುಸಡೈ ಅಂದರೆ ರೋಮಾಂಚನ. ಬೆನ್ನೆಲುಬಿರುವ ಮತ್ತು ಇಲ್ಲದ ಜೀವಿಗಳ ನಡುವಿನ ಕೊಂಡಿ ಅಂತ ನಾವು ಓದಿ ಅಂಕ ಗಿಟ್ಟಿಸಿದ ಬಾಲನೋಗ್ಲಾಸಸ್ ಹುಳು ಇಲ್ಲಿನ ಮರಳಿನಲ್ಲಿರುತ್ತದೆ. ನಮ್ಮ ಅತ್ತೆಗೆ ಈ ಹುಳುವಿನ ಮಹಿಮೆ ವಿವರಿಸಲು ಹೋಗಿ ನಾನು ಸೋತೆ. ಅವರಿಗೆ ಆಸಕ್ತಿ ಬಂದದ್ದು ಕಡಲಹಸುವಿನ ವಿಷಯದಲ್ಲಿ. ಇದು ಕಡಲಲ್ಲಿ ಹುಲ್ಲು ಮೇಯುವ ದೊಡ್ಡ ಸಸ್ತನಿ. ದಿನಕ್ಕೆ ಮೂವತ್ತು ನಲವತ್ತು ಕಿಲೋ ಕಡಲಹುಲ್ಲು ಬೇಕು ಅದಕ್ಕೆ, ಮರಿಗೆ ಹಾಲು ಕೊಡುತ್ತದೆ, ಉಸಿರಿಗೆ ಮೇಲೆ ಬರುತ್ತದೆ. ನಮ್ಮ ಎಮ್ಮೆ ಕೆರೆಗಿಳಿದು ವಾಪಸ್ ಬರದೇ ಇದ್ದರೆ ಹೀಗೇ ಆಗ್ತಿತ್ತೋ ಏನೋ ಅಂದರು ಅತ್ತೆ. ನೋಡಲು ಸಿಗುತ್ತದೆ ಅಂತ ಯಾರಾದರೂ ಆಸೆ ಹುಟ್ಟಿಸಿದರೆ ನಂಬಬೇಡಿ, ಬಲು ಅಪರೂಪ. 2022ರಲ್ಲಿ ಪಕ್ಕದ ಪಾಕ್ ಕೊಲ್ಲಿಯಲ್ಲಿ ಇದಕ್ಕೆಂದೇ 448 ಚದರ ಕಿ.ಮೀ. ಮೀಸಲು ಪ್ರದೇಶ ಮಾಡಿದ್ದಾರೆ.

ಈ 21ರಲ್ಲಿ ಎರಡು ದ್ವೀಪಗಳು ಈಗ ನೀರಿನೊಳಗಿವೆ. ಪೂವರಸನ್‌ಪಟ್ಟಿ ಮತ್ತು ವಿಲಾಂಗುಚಳ್ಳಿ. ಸುತ್ತಲಿನ ಹವಳದ ಬಂಡೆಯನ್ನು ಸುಣ್ಣಕ್ಕೆ, ಕಟ್ಟಡಕ್ಕೆ ಅಂತ ವರ್ಷಗಟ್ಟಲೆ ಒಡೆದು ಸಾಗಿಸಿದರು. ತಡೆಗೋಡೆ ಹೋದ ಮೇಲೆ ಅಲೆ ಸುಮ್ಮನೆ ಬಿಡುತ್ತದೆಯೇ? ಮರಳು ಕರಗಿತು. ಕೆರೆ ಏರಿಯ ಕಲ್ಲು ಕಿತ್ತು ಮನೆ ಕಟ್ಟಿಕೊಂಡರೆ ಆಗುವುದೂ ಇದೇ ತಾನೇ. 2001ರಲ್ಲಿ ಹವಳವನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ ಮೇಲೆ, ಅಂದರೆ ಹುಲಿಗಿರುವಷ್ಟೇ ರಕ್ಷಣೆ ಕೊಟ್ಟ ಮೇಲೆ, ಗಣಿಗಾರಿಕೆ ನಿಂತಿತು. ತೂತ್ತುಕುಡಿ ಬಳಿಯ ವಾನ್ ದ್ವೀಪವೂ ಕರಗಿ ಹೋಗದ ಹಾಗೆ ಸುತ್ತ ಕಾಂಕ್ರೀಟಿನ ಕೃತಕ ದಿಬ್ಬಗಳನ್ನು ಇಳಿಸಿದ್ದಾರೆ. ಕುರುಸಡೈ ಸುತ್ತ ಬೇರೆ ಕಾಟ. ಬೇಸಾಯಕ್ಕೆ ಅಂತ ಹೊರಗಿನಿಂದ ತಂದ ಕಪ್ಪಾಫೈಕಸ್ ಅನ್ನುವ ಕಡಲಪಾಚಿ ತಪ್ಪಿಸಿಕೊಂಡು ಹವಳದ ಮೇಲೆ ಕಂಬಳಿ ಹೊದೆಸಿದ ಹಾಗೆ ಬೆಳೆಯುತ್ತಿದೆ. ಕೈಯಿಂದ ಕಿತ್ತು ಕಿತ್ತು ತೆಗೆಯುತ್ತಾರೆ. ನಮ್ಮ ಹೊಲದ ಪಾರ್ಥೇನಿಯಂ ನೆನಪಾಯಿತು.

ಬೆಂಗಳೂರಿಗೆ ಹೋಗಿ, ಮದುರೆಗೆ ರೈಲು ಹಿಡಿದು, ಅಲ್ಲಿಂದ ರಾಮೇಶ್ವರ. 2025ರ ಏಪ್ರಿಲ್‌ನಲ್ಲಿ ಹೊಸ ಪಾಂಬನ್ ಸೇತುವೆ ತೆರೆದಿದೆ, ರೈಲಿನಲ್ಲೇ ಕಡಲು ದಾಟಬಹುದು. ವಯಸ್ಸಾದವರಿದ್ದರೆ, ಯಾತ್ರೆಯೇ ಮುಖ್ಯ, ದ್ವೀಪ ಉಪ್ಪಿನಕಾಯಿ ಅನ್ನುವ ಹಾಗಿದ್ದರೆ ಇದೇ ಸರಿ. ದ್ವೀಪಕ್ಕೆಂದೇ ಹೋಗುವವರಿಗೆ ನಿರಾಸೆ ಆಗಬಹುದು.

ನೇತ್ರಾಣಿ

ಇದನ್ನು ಬೇಗ ಮುಗಿಸುತ್ತೇನೆ. ದಾವಣಗೆರೆಯಿಂದ ಶಿವಮೊಗ್ಗ, ಸಾಗರ, ಹೊನ್ನಾವರದ ಮೇಲೆ ಮುರುಡೇಶ್ವರ. ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಊಟಕ್ಕೆ ಮುರುಡೇಶ್ವರದಲ್ಲಿರಬಹುದು. ಅಲ್ಲಿಂದ ಕಡಲಲ್ಲಿ ಸುಮಾರು 19 ಕಿ.ಮೀ. ಆಚೆ ನೇತ್ರಾಣಿ. ಇಲ್ಲಿ ನೋಡುವುದೆಲ್ಲ ನೀರಿನ ಕೆಳಗೆ. ಈಜು ಬಾರದವರನ್ನೂ ತರಬೇತಿದಾರರು ಕೈ ಹಿಡಿದು ಸ್ಕೂಬಾಕ್ಕೆ, ಅಂದರೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದಕ್ಕೆ, ಇಳಿಸುತ್ತಾರೆ. ಆದರೆ ಆಸ್ತಮಾ, ಹೃದಯದ ತೊಂದರೆ ಇದ್ದವರಿಗೆ, ಬಸುರಿಯರಿಗೆ, ಸಣ್ಣ ಮಕ್ಕಳಿಗೆ ಆಗದು. ಮೇಲೆ ಕೂತವರಿಗೆ ಕಡಿದಾದ ಬಂಡೆ, ಅದೃಷ್ಟ ಇದ್ದರೆ ಬಿಳಿಹೊಟ್ಟೆಯ ಕಡಲ ಹದ್ದು, ಉಳಿದಂತೆ ವಾಂತಿ. ಮೈದುನ ಹೇಳಿದ ಪ್ರಕಾರ, ಹೊರಡುವ ಮುಂಚೆ ಬೆಣ್ಣೆ ಸುರಿದ ದೋಸೆ ತಿಂದು ದೋಣಿ ಹತ್ತಿದ ಅವನ ಗೆಳೆಯ ದ್ವೀಪವನ್ನೇ ನೋಡಲಿಲ್ಲ, ದೋಣಿಯ ಅಂಚನ್ನೇ ನೋಡುತ್ತಾ ಹೋಗಿ ಬಂದ. ಮಳೆಗಾಲದಲ್ಲಿ ಪೂರ್ತಿ ಬಂದ್. ಕಾಲೇಜು ಹುಡುಗರಿಗೆ ಇದು ಸರಿ, ಎರಡು ದಿನದಲ್ಲಿ ಮುಗಿಯುತ್ತದೆ.

ಯಾವ ರಜೆಗೆ ಯಾವುದು

ದಸರಾ ರಜೆ ಅಂದರೆ ಅಕ್ಟೋಬರ್. ಆಗ ಮನ್ನಾರ್ ಕಡೆ ಹಿಂಗಾರು ಮಳೆ ಶುರುವಾಗಿರುತ್ತದೆ, ಡಿಸೆಂಬರ್‌ವರೆಗೂ ನೆಚ್ಚಿಕೊಳ್ಳುವ ಹಾಗಿಲ್ಲ. ನರಾರಾ ಆಗಬಹುದು, ಆದರೆ ದೀಪಾವಳಿ ಹತ್ತಿರ ಬಂದರೆ ಗುಜರಾತಿನವರೇ ಅಲ್ಲಿ ತುಂಬಿರುತ್ತಾರೆ. ಡಿಸೆಂಬರ್, ಜನವರಿ ಅಂಡಮಾನಿಗೂ ನರಾರಾಕ್ಕೂ ಎರಡಕ್ಕೂ ಹೇಳಿ ಮಾಡಿಸಿದ ಕಾಲ. ಮನ್ನಾರ್‌ಗೆ ಫೆಬ್ರವರಿ, ಮಾರ್ಚ್.

ಏಪ್ರಿಲ್, ಮೇ ಬಗ್ಗೆ ನನಗೊಂದು ತಕರಾರಿದೆ. ನಮಗೆ ಸಿಗುವ ದೊಡ್ಡ ರಜೆ ಅದೇ, ಸರಿ. ಆದರೆ ಕಡಲ ನೀರು ಅತಿ ಬಿಸಿಯಾಗುವುದೂ ಆಗಲೇ. ಹವಳ ಅಂದರೆ ಸುಣ್ಣದ ಮನೆ ಕಟ್ಟಿಕೊಂಡ ಪುಟ್ಟ ಪುಟ್ಟ ಪ್ರಾಣಿಗಳ ಕಾಲೊನಿ. ಅವುಗಳ ಮೈಯೊಳಗೆ ಒಂದು ಬಗೆಯ ಸಣ್ಣ ಪಾಚಿ ಬಾಡಿಗೆಗಿದೆ. ಬಾಡಿಗೆ ಅಂದರೆ ಬಿಸಿಲಿನಿಂದ ಮಾಡಿದ ಆಹಾರ. ಹವಳದ ಬಣ್ಣವೂ ಹೆಚ್ಚಾಗಿ ಆ ಪಾಚಿಯದೇ. ವಾಡಿಕೆಗಿಂತ ಒಂದು ಡಿಗ್ರಿ ಕಾವು ಜಾಸ್ತಿಯಾಗಿ ವಾರಗಟ್ಟಲೆ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ. ಬೆಳ್ಳಗಾಗುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. 1998, 2010, 2016ರಲ್ಲಿ ಅಂಡಮಾನಿನ ಹವಳಕ್ಕೆ ಇದೇ ಆಯಿತು. ಬೇಸಿಗೆಯಲ್ಲಿ ಮೊದಲೇ ನಲುಗಿರುವುದರ ಮೇಲೆ ನಾವೂ ಹೋಗಿ ಕಾಲಿಟ್ಟು, ಮರಳೆಬ್ಬಿಸಿ, ಮೈಗೆ ಬಳಿದ ಸನ್‌ಸ್ಕ್ರೀನ್ ನೀರಿಗೆ ಬಿಡುವುದು ಬೇಡ ಅನ್ನಿಸುತ್ತದೆ. ಯಾವ ಕಾಲಕ್ಕೆ ಹೋದರೂ ತುಂಬುತೋಳಿನ ಹತ್ತಿ ಅಂಗಿ, ಟೋಪಿ ಸಾಕು.

ಇನ್ನು ಚಿಪ್ಪು ಆರಿಸುವ ಚಾಳಿ. ಸತ್ತ ಹವಳದ ತುಂಡು ತಾನೇ, ಶೋಕೇಸಿಗೆ ಚೆಂದ ಅಂತ ಬ್ಯಾಗಿಗೆ ಹಾಕಿಕೊಂಡರೆ ಕಾಯ್ದೆ ಪ್ರಕಾರ ಅದೂ ಅಪರಾಧ, ಅಂಡಮಾನಿನ ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸುತ್ತಾರೆ. ನನ್ನ ಮಗಳ ಜೇಬಿನಲ್ಲೂ ಬೆರಳುದ್ದದ ಒಂದು ತುಂಡು ಇತ್ತು. ದೋಣಿ ಹತ್ತುವ ಮುಂಚೆ ಅವಳೇ ವಾಪಸ್ ಹಾಕಿದಳು. ಸ್ವಲ್ಪ ಅತ್ತಳು, ನಿಜ.

ಇಷ್ಟು ದೂರ ಆಗದಿದ್ದರೆ

ರಜೆ ಸಿಗದವರು, ದುಡ್ಡು ಹೊಂದದವರು ಚಿತ್ರದುರ್ಗದ ಐಮಂಗಲ ಬಳಿಯ ಮರಡಿಹಳ್ಳಿಗೆ ಒಮ್ಮೆ ಹೋಗಿ ಬನ್ನಿ. ತಮಾಷೆಗೆ ಹೇಳ್ತಾ ಇಲ್ಲ. ಅಲ್ಲಿನ ಗುಡ್ಡದಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ ಹಾಗೆ ಕಾಣುವ ಬಂಡೆಗಳಿವೆ. ಜ್ವಾಲಾಮುಖಿಯ ಲಾವಾ ನೀರಿನೊಳಗೆ ಉಕ್ಕಿ, ಹೊರಮೈ ಥಟ್ಟನೆ ತಣ್ಣಗಾದಾಗ ಮಾತ್ರ ಈ ದಿಂಬಿನ ಆಕಾರ ಬರುತ್ತದೆ. ಸುಮಾರು 250 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಂದರೆ ದುರ್ಗದ ಆ ನೆಲ ಒಂದು ಕಾಲಕ್ಕೆ ಕಡಲ ತಳ. ಕಡಲ ತಳದ ಮೇಲೆ ನಡೆಯಲು ನರಾರಾದಲ್ಲಿ ಇಳಿತಕ್ಕೆ ಕಾಯಬೇಕು, ಇಲ್ಲಿ ಕಾಯಬೇಕಾಗಿಲ್ಲ. ಜೀವವೈವಿಧ್ಯ ನೋಡಬೇಕು ಅಂದರೆ ಜಗಳೂರಿನ ರಂಗಯ್ಯನದುರ್ಗ ಇದೆ, ಕೊಂಡುಕುರಿಗೆಂದೇ 2011ರಲ್ಲಿ ಘೋಷಿಸಿದ ಅಭಯಾರಣ್ಯ. ನಾಲ್ಕು ಕೊಂಬಿನ ಈ ಪ್ರಾಣಿ ಬಲು ನಾಚಿಕೆಯದು. ಮೂರು ಸಲ ಹೋಗಿ ನಾನು ನೋಡಿದ್ದು ಒಂದೇ ಒಂದು ಸಲ, ಅದೂ ಹಿಂಭಾಗ.

ನಮ್ಮ ಹನ್ನೊಂದು ಜನರ ಪಂಚಾಯ್ತಿ ಮೊನ್ನೆ ಮುಗಿಯಿತು. ಅಂಡಮಾನ್ ಅಂತ ಕೂಗಿದವರು ಆರು ಜನ, ವಿಮಾನದ ದರ ನೋಡಿದ ಮೇಲೆ ಮೂರು ಜನ. ನಾನು ನರಾರಾಕ್ಕೆ ಓಟು ಹಾಕಿದೆ, ಮಕ್ಕಳು ಅಷ್ಟಪದಿಗೆ ಓಟು ಹಾಕಿದರು, ಲೆಕ್ಕ ಸರಿಹೋಯಿತು. ಅತ್ತೆ "ನನ್ನ ಮಂಡಿಗೆ ಆ ಕೆಸರು ಬ್ಯಾಡ, ದ್ವಾರಕಾ ತೋರ್ಸಿ ಸಾಕು" ಅಂದಿದ್ದಾರೆ. ಜನವರಿಯ ಹುಣ್ಣಿಮೆಯ ಮರುದಿನಕ್ಕೆ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿದ್ದೇನೆ. ಅತ್ತೆಯನ್ನು ಬಿಟ್ಟು ಹಳೆಯ ಕ್ಯಾನ್ವಾಸ್ ಶೂ ಹತ್ತು ಜೊತೆ ಹೊಂದಿಸಬೇಕು, ಈವರೆಗೆ ಏಳು ಸಿಕ್ಕಿವೆ.